ದೆವ್ವದ ಬೊಗಸೆಗೆ ಬಿದ್ದ ನೀರು

ದಾಸನಕೊಪ್ಪದ ಹುಚ್ಚಣ್ಣ ಎಂಥವನು ಎಂದು ಯಾರಾದರೂ ಕೇಳಿದರೆ ನಿನ್ನೆಯದನ್ನೇ ಹೇಳಬೇಕು. ನಿನ್ನೆ ನಾನು ದೆವ್ವ. ದಿನವೂ ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುವ ಈ ಉದಯ, ಅಂಗೈ ಒಂದು ಬಿಟ್ಟು ಮೈಗೆಲ್ಲ ಕರಿ ಬಣ್ಣ ಬಳಿದುಕೊಂಡು, ತಾನೇ ಹೊಲಿದ ಕೊಂಬಿನ ಟೋಪಿ ಹಾಕಿಕೊಂಡು ಗದ್ದೆಯಲ್ಲಿ ನಿಂತಿದ್ದ. ಸೆಕೆ ಬೇರೆ, ತುರಿಕೆ ಬೇರೆ. ತಲೆ ಕೆಟ್ಟುಹೋಗಿತ್ತು.

ನಮ್ಮೂರಿನ ಸುನೀಲ ತೆಗೆಯುತ್ತಿರುವ ನಗೆ ಸಿನಿಮಾ ಅದು. ರೈತನೊಬ್ಬ ದೆವ್ವದ ಜೊತೆ ಕರಾರು ಮಾಡಿಕೊಳ್ಳುತ್ತಾನೆ: ಅವನ ಪಂಪ್‌ಸೆಟ್ಟು ಯಾವತ್ತೂ ಸುಡಬಾರದು, ಬದಲಿಗೆ ಹೆಂಡತಿಯ ಆಯಸ್ಸು ದೆವ್ವಕ್ಕೆ. ರೈತನ ಪಾರ್ಟು ಹುಚ್ಚಣ್ಣನದು. ಮುಖ ನೋಡಿದರೇ ನಗು ಬರುವ ಮನುಷ್ಯ. ಬಾಡಿಗೆ ಕ್ಯಾಮೆರಾ ಸಂಜೆಗೆ ಶಿರಸಿಗೆ ವಾಪಸಾಗಬೇಕಿತ್ತು. ಉಳಿದದ್ದು ಕರಾರಿನ ಶಾಟು ಒಂದೇ.

ಹುಚ್ಚಣ್ಣ ನನ್ನ ಬೊಗಸೆಗೆ ತಂಬಿಗೆಯ ನೀರು ಬಿಟ್ಟು, "ನನ್ನ ಹೆಂಡ್ತಿ ಆಯಸ್ಸು ಕೊಟ್ಟೀನಿ, ತಗೊ" ಅನ್ನಬೇಕು. ಮೂರು ಸಲ ತಂಬಿಗೆ ಎತ್ತಿದ. ಮೂರು ಸಲವೂ ಕೆಳಗಿಟ್ಟ.

"ನೀರು ಬಿಟ್ಟು ಕೊಟ್ಟಿದ್ದು ಹೋಗೇ ಬಿಡತೈತಿ ತಮ್ಮಾ. ನನ್ನ ಕೈಲೆ ಆಗಂಗಿಲ್ಲ."

ಸುನೀಲನ ಪಿತ್ತ ನೆತ್ತಿಗೇರಿತು. "ಇದು ಸುಳ್ಳು ಸಿನಿಮಾ ಹುಚ್ಚಣ್ಣ. ಹೊತ್ತು ಮುಳುಗಾಕ ಹತ್ತೇತಿ, ಹೇಳಿ ಮುಗಸ್ರಿ."

ನನಗೂ ಸಿಟ್ಟು ಬಂದಿತ್ತು, ಆದರೆ ಅವನ ಕಷ್ಟ ನನಗೆ ಗೊತ್ತಿತ್ತು. ಹುಚ್ಚಣ್ಣನ ಹೆಂಡತಿ ಚೌಡಮ್ಮ ಅಲ್ಲೇ ಬದುವಿನ ಮೇಲೆ ಶೂಟಿಂಗ್ ನೋಡುತ್ತ ಕೂತಿದ್ದಳು. ನಾಳೆ ಹುಬ್ಬಳ್ಳಿಯಲ್ಲಿ ಅವಳ ಹೃದಯದ ಆಪರೇಷನ್. ಗ್ಯಾರಂಟಿ ಇಲ್ಲ ಎಂದು ಡಾಕ್ಟರು ಹುಚ್ಚಣ್ಣನಿಗೊಬ್ಬನಿಗೇ ಹೇಳಿದ್ದರು, ಅವನು ನನಗೊಬ್ಬನಿಗೇ ಹೇಳಿದ್ದ. ಅಲ್ಲದೆ ಹೀಗೆ ಧಾರೆ ಎರೆದಂತೆ ನೀರು ಬಿಟ್ಟು ಕೊಡುವುದೆಂದರೆ ಅವನಿಗೆ ಆಟವಲ್ಲ. ಹಿಂದೊಮ್ಮೆ ಪಕ್ಕದ ಮನೆಯವರಿಗೆ ಗಾಡಿ ದಾರಿಗೆಂದು ಹಿತ್ತಲ ತುದಿಯನ್ನು ಹೀಗೇ ನೀರು ಬಿಟ್ಟು ಕೊಟ್ಟಿದ್ದ. ಅವರು ದಾರಿ ಮಾಡಲಿಲ್ಲ, ಬಾಳೆ ನೆಟ್ಟರು. ಎಲೆ ಬೇಕಾದರೆ ಇವನು ಇಂದಿಗೂ ಅವರನ್ನು ಕೇಳಿಯೇ ಕೊಯ್ಯುತ್ತಾನೆ.

ನಾಲ್ಕನೆಯ ಸಲ ತಂಬಿಗೆ ಎತ್ತಿದ. ನೀರು ನನ್ನ ಬೊಗಸೆಗೆ ಬಿತ್ತು.

"ನನ್ನ ಆಯಸ್ಸು ಕೊಟ್ಟೀನಿ, ತಗೊ" ಎಂದ. ಹೆಂಡತಿಯ ಮಾತೇ ಇಲ್ಲ.

ಸುನೀಲ ತಲೆ ಚಚ್ಚಿಕೊಂಡ. ಉಳಿದವರು ಬಿದ್ದು ಬಿದ್ದು ನಕ್ಕರು. ನಾನು ದೆವ್ವಗಿವ್ವ ನಂಬುವವನಲ್ಲ; ಆದರೂ ಆ ನೀರು ಚೆಲ್ಲಲು ಭಯವಾಯಿತು, ನಿಜವಾದ ಭಯ. ಹುಚ್ಚಣ್ಣನ ಕೈಗೇ ತಿರುಗಿ ಬಿಡಲು ಹೋದೆ.

"ಕೊಟ್ಟಿದ್ದು ತಿರುಗಿ ತಗೊಳ್ಳಾಕ ಬರಂಗಿಲ್ಲ" ಎಂದು ಕೈ ಹಿಂದೆ ಕಟ್ಟಿಕೊಂಡ.

ಬೊಗಸೆ ಸೋರುತ್ತಿತ್ತು. ಬೆರಳು ಬಿಗಿ ಹಿಡಿದು, ಎಡವುತ್ತ ಚೌಡಮ್ಮನ ಹತ್ತಿರ ಓಡಿದೆ. "ಹುಚ್ಚಣ್ಣನ ಆಯಸ್ಸು ಚೌಡಕ್ಕ. ನಿಮಗ ಕೊಟ್ಟೀನಿ, ಕೈ ಒಡ್ರಿ."

ಅವಳು ಕೈಯೊಡ್ಡಿದಳು. "ಇಷ್ಟ ಏನು? ದಾರ್ಯಾಗ ಅರ್ಧ ಚೆಲ್ಲಿ ಬಂದ್ಯಾ?" ಎಂದು ರೇಗಿ, ಗಂಡನನ್ನು ಕೂಗಿದಳು. "ಬರ್ರಿ ಇಲ್ಲಿ. ಕೈ ತರ್ರಿ."

"ನಾ ತಗೊಳ್ಳಂಗಿಲ್ಲ."

"ಈಗ ಇದು ನಂದು. ಯಾರಿಗರ ಕೊಡ್ತೀನಿ. ಡಾಕ್ಟರು ಹೇಳಿದ್ದು ನನಗೂ ಗೊತ್ತೈತಿ. ನಾ ಬದುಕಿ ಬಂದ್ರ ಮನ್ಯಾಗ ನೀವು ಇರಬ್ಯಾಡೇನು?"

ಹುಚ್ಚಣ್ಣ ಬಂದ. ಅವಳು ಅರ್ಧ ನೀರು ಅವನ ಅಂಗೈಗೆ ಬಿಟ್ಟು, ಉಳಿದದ್ದನ್ನು ತಾನು ಕುಡಿದಳು. ಕೊಟ್ಟದ್ದನ್ನು ಎಂದೂ ತಿರುಗಿ ಮುಟ್ಟದ ಆ ಮನುಷ್ಯ ನೀರು ಹೀರಿ, ಒಂದು ಹನಿಯೂ ಉಳಿಯದಂತೆ ಅಂಗೈ ನೆಕ್ಕಿದ.