ಎರಡು ಬೆರಳು ಅಂಚು

ನಮ್ಮ ಮಾವನವರ ಅಂಗಡಿಗೆ ಬೋರ್ಡಿದೆ, ಬೋರ್ಡಿನಲ್ಲಿ ಅವರ ಹೆಸರೂ ಇದೆ. ಆದರೆ ಬೀದಿಯಲ್ಲಿ ಯಾರನ್ನು ಕೇಳಿದರೂ "ಎರಡ್ಬೆರಳಿನೋರ ಅಂಗಡೀನಾ? ಅಗೋ ಅಲ್ಲಿ" ಎಂದೇ ಕೈ ತೋರಿಸುತ್ತಾರೆ. ಫೋಟೋಗಳಿಗೆ, ಚಿತ್ರಗಳಿಗೆ ಕಟ್ಟು ಹಾಕುವುದು ಮಾವನ ಕಸುಬು. ಗಾಜಿನ ಕೆಳಗೆ, ಚಿತ್ರದ ಸುತ್ತ ಬಿಳಿ ರಟ್ಟಿನ ಅಂಚು ಕೂರಿಸುತ್ತಾರಲ್ಲ, ಅದು ಎರಡು ಬೆರಳು ಅಗಲ ಇರಲೇಬೇಕು ಎಂಬುದು ಅವರ ಹಟ. "ಚಿತ್ರಕ್ಕೂ ಉಸಿರಾಡೋಕೆ ಜಾಗ ಬೇಡ್ವಾ?" ಎನ್ನುತ್ತಾರೆ. ಆ ಜಾಗ ಚಿತ್ರದಿಂದಲೇ ಕದ್ದದ್ದು ಎಂದು ಹೇಳುವ ಧೈರ್ಯ ಯಾರಿಗಿದೆ? ಹೇಳಿದರೂ ಉತ್ತರ ಸಿಗುವುದಿಲ್ಲ. ಬಾಯಲ್ಲಿ ಸದಾ ಸಣ್ಣ ಮೊಳೆಗಳು. ಹೌದು ಎನ್ನಲೂ "ಹ್ಞೂಂ", ಇಲ್ಲ ಎನ್ನಲೂ "ಹ್ಞೂಂ".

ಧೈರ್ಯ ಇರುವವರು ಒಬ್ಬರಿದ್ದಾರೆ, ನಮ್ಮ ಅತ್ತೆ. ಅವರ ಮದುವೆಯ ಫೋಟೋಗೆ ಕಟ್ಟು ಹಾಕಿದ್ದು ಸ್ವತಃ ಮದುಮಗನೇ. ಫೋಟೋದ ತುದಿಯಲ್ಲಿ ಅತ್ತೆಯ ಅಣ್ಣ ಹೊಸ ಕೋಟು ಹಾಕಿಕೊಂಡು ಎದೆಯುಬ್ಬಿಸಿ ನಿಂತಿದ್ದರಂತೆ. ಈಗ ಗೋಡೆಯ ಮೇಲೆ ಉಳಿದಿರುವುದು ಅವರ ಒಂದು ಮೊಣಕೈ. ನಮ್ಮ ಮನೆಯ ಜಗಳ ಅಡುಗೆಗೆ ಉಪ್ಪು ಕಮ್ಮಿ ಎಂದು ಶುರುವಾದರೂ ಸರಿ, ಬಚ್ಚಲ ನಲ್ಲಿ ಸೋರುತ್ತದೆ ಎಂದು ಶುರುವಾದರೂ ಸರಿ, ಹೋಗಿ ನಿಲ್ಲುವುದು ಆ ಮೊಣಕೈ ಹತ್ತಿರವೇ.

"ನಮ್ಮಣ್ಣನ್ನ ನುಂಗಿ ನೀರು ಕುಡಿದೋರು ನೀವು!" ಎನ್ನುತ್ತಾರೆ ಅತ್ತೆ. ಮಾವ "ಹ್ಞೂಂ" ಎನ್ನುತ್ತಾರೆ.

ಈ ವರ್ಷ ಗ್ರಂಥಾಲಯದ ಮಹಡಿಯಲ್ಲಿ ಮಕ್ಕಳ ಚಿತ್ರಕಲಾ ಪ್ರದರ್ಶನ ಏರ್ಪಾಡಾಯಿತು. ಹಲ್ಲು ಬಿದ್ದ ಪುಟಾಣಿಗಳಿಂದ ಹಿಡಿದು ಮೀಸೆ ಚಿಗುರಿದ ಹುಡುಗರವರೆಗೆ ಯಾರು ಬೇಕಾದರೂ ಚಿತ್ರ ಕೊಡಬಹುದು. ಕಟ್ಟು ಹಾಕುವ ಕೆಲಸವನ್ನು ಡ್ರಾಯಿಂಗ್ ಟೀಚರು ಮಾವನಿಗೆ ವಹಿಸಿದರು. ನನ್ನ ಮಗಳು ಶಾಲೆಯಲ್ಲೇ ಕೂತು 'ನಮ್ಮ ಮನೆ' ಎಂಬ ಚಿತ್ರ ಬರೆದಿದ್ದಳು. ಅದರಲ್ಲಿ ಏನಿದೆ ಎಂಬ ಗುಟ್ಟನ್ನು ನಮಗೆ ಬಿಟ್ಟುಕೊಡಲಿಲ್ಲ. ತಾತನ ಕಿವಿಯಲ್ಲಿ ಮಾತ್ರ, ಪಕ್ಕದ ಮನೆಗೂ ಕೇಳುವಷ್ಟು ಮೆಲ್ಲಗೆ, ಹೇಳಿದಳು.

"ತಾತಾ, ಅದರಲ್ಲಿ ಎಲ್ಲರಿಗಿಂತ ದೊಡ್ಡೋನು ನೀನೇ. ಆದ್ರೆ ಆ ದಿನದವರೆಗೂ ನೋಡಬಾರದು. ನನ್ನಾಣೆ!"

ಹೊತ್ತು ಹೆತ್ತವಳು ನಾನು, ದೊಡ್ಡವರು ತಾತ! ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಮಾವ ಆಣೆ ಮುರಿಯುವವರಲ್ಲ. ಬಂದ ಚಿತ್ರಗಳನ್ನೆಲ್ಲ ಬೋರಲು ಹಾಕಿಕೊಂಡು, ಹಿಂಬದಿಯ ಬಾಣದ ಗುರುತಿನಿಂದ ತಲೆ ಬುಡ ತಿಳಿದು, ಒಂದರ ಮುಖವನ್ನೂ ನೋಡದೆ ಕಟ್ಟು ಹಾಕಿ, ಹಳೇ ಪೇಪರು ಸುತ್ತಿ ಕಳಿಸಿಕೊಟ್ಟರು. ಆಮೇಲೆ ಬಾಯಿಂದ ಮೊಳೆ ತೆಗೆದಿಟ್ಟು ಬೀದಿಗಿಳಿದರು. ಕ್ಷೌರದಂಗಡಿಯಲ್ಲಿ ಕೂತು, "ಮೊಮ್ಮಗಳು ನನ್ನ ಚಿತ್ರ ಬರೆದಿದಾಳೆ ಕಣಯ್ಯ, ಎಲ್ಲರಿಗಿಂತ ದೊಡ್ಡದಾಗಿ" ಎಂದು ಸಾರಿದರು. ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲಿಗೆ ಕ್ಷೌರದವನು ಬಹಳ ಹೊತ್ತು ಕತ್ತರಿ ಆಡಿಸಿದ. ಟೈಲರು ಹಳೇ ಕೋಟಿಗೆ ಇಸ್ತ್ರಿ ಹಾಕಿಕೊಟ್ಟ. ಪ್ರದರ್ಶನದ ದಿನ ಇಬ್ಬರೂ ಅಂಗಡಿ ಮುಚ್ಚಿ ನಮ್ಮ ಜೊತೆ ಹೊರಟರು.

ಮಹಡಿ ಹತ್ತಿ ನೋಡಿದರೆ ಒಂದು ಚಿತ್ರದ ಮುಂದೆ ಜನ ಗುಂಪುಗೂಡಿದ್ದರು. ಹದಿನೇಳರ ಹುಡುಗಿಯೊಬ್ಬಳು ಬರೆದದ್ದು. ಕೆಳಗೆ 'ಒಂಟಿ ಮನುಷ್ಯ' ಎಂಬ ಚೀಟಿ ಇತ್ತು. ಚಿತ್ರದಲ್ಲಿ ಖಾಲಿ ಬಯಲಿತ್ತು, ಮನುಷ್ಯ ಇರಲಿಲ್ಲ. "ಆಹಾ, ಒಂಟಿತನ ಅಂದ್ರೆ ಇದು! ಅವನೇ ಇಲ್ಲ!" ಎಂದು ಒಬ್ಬರು ತಲೆದೂಗುತ್ತಿದ್ದರು. ನಾನೂ ಅರ್ಥವಾದವಳ ಹಾಗೆ ತಲೆದೂಗಿದೆ.

ನಮ್ಮದು ಕಿಟಕಿಯ ಪಕ್ಕದಲ್ಲಿತ್ತು. ನನ್ನ ಗಂಡ ಸೋಫಾದ ಮೇಲೆ ಬಿದ್ದುಕೊಂಡಿದ್ದರು. ನನ್ನ ಮುಖದಲ್ಲಿ ಅರ್ಧ ಬರೀ ಬಾಯಿ. ಅತ್ತೆ ಸೊಂಟದ ಮೇಲೆ ಕೈಯಿಟ್ಟಿದ್ದರು. ಬೆಕ್ಕಿತ್ತು, ಸೋರುವ ನಲ್ಲಿಯ ಕೆಳಗೆ ಬಕೆಟ್ಟೂ ಇತ್ತು. ಮಾವ ಇರಲಿಲ್ಲ.

ಕ್ಷೌರದವನು ಬಗ್ಗಿ ನೋಡಿ, "ಬೆಕ್ಕಿನ ಹಿಂದೆ ಇರಬಹುದು ಯಜಮಾನ್ರೇ" ಎಂದ.

"ಅಷ್ಟು ದೊಡ್ಡೋರು ಬೆಕ್ಕಿನ ಹಿಂದೆ ಹೆಂಗಯ್ಯಾ ಹಿಡೀತಾರೆ?" ಎಂದು ಟೈಲರು ಗದರಿದ.

ಮಾವನ ಮುಖ ಇಷ್ಟೇ ಇಷ್ಟಾಯಿತು. "ಬಕೆಟ್ಟಿಗೂ ಜಾಗ ಇದೆ," ಎಂದರು. ಇಸ್ತ್ರಿ ಮಾಡಿದ ಕೋಟನ್ನು ಬಿಚ್ಚಿ ಕೈಯಲ್ಲಿ ಹಿಡಿದು ಮೆಟ್ಟಿಲ ಕಡೆ ನಡೆದರು. ನನ್ನ ಹೊಟ್ಟೆಯುರಿ ಎಲ್ಲಿ ಹೋಯಿತೋ, ಪಾಪ ಎನಿಸಿತು.

ಅಷ್ಟರಲ್ಲಿ ಸ್ವಾಗತದ ಸಾಲಿನಲ್ಲಿ ನಿಂತಿದ್ದ ಮಗಳು ಓಡಿಬಂದಳು. ಚಿತ್ರ ನೋಡಿ ನಿಂತಲ್ಲೇ ನಿಂತಳು.

"ಅಮ್ಮಾ, ತಾತ ಎಲ್ಲಿ?"

ಮೆಟ್ಟಿಲ ಕಡೆ ಕೈ ತೋರಿಸಿದೆ.

"ಆ ತಾತ ಅಲ್ಲ! ಚಿತ್ರದಲ್ಲಿದ್ದ ತಾತ! ಯಾರೋ ತಾತನ್ನ ಅಳಿಸಿಬಿಟ್ಟಿದಾರೆ!" ಎಂದು ಭೋರೆಂದು ಅಳತೊಡಗಿದಳು.

ಅತ್ತೆ ಕನ್ನಡಕ ಏರಿಸಿದರು. ಗಾಜಿಗೆ ಮೂಗು ತಾಗಿಸಿ ನೋಡಿದರು. ಬಿಳಿ ರಟ್ಟಿನ ಮೇಲೆ ಎರಡು ಬೆರಳಿಟ್ಟು ಅಳೆದರು. ಅವರ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಅವರ ಮಗನ ಮದುವೆಯಲ್ಲೂ ಕಂಡಿರಲಿಲ್ಲ.

"ರೀ, ಬನ್ನಿ ಇಲ್ಲಿ!" ಎಂದು ಸಭಾಂಗಣ ಅದುರುವಂತೆ ಕೂಗಿದರು. "ನೀವು ಸಿಕ್ಕಿದ್ರಿ. ನಮ್ಮಣ್ಣ ಇರೋ ಕಡೇನೇ ಇದೀರಿ!"

ಮಾವ ತಿರುಗಿ ಬಂದರು. ಕೋಟಿನ ಜೇಬಿನಿಂದ ಇಕ್ಕಳ ತೆಗೆದು, ಕಟ್ಟನ್ನು ನೆಲದ ಮೇಲೆ ಬೋರಲು ಹಾಕಿ ಮೊಳೆ ಕೀಳತೊಡಗಿದರು. ಕಿತ್ತ ಮೊಳೆಗಳೆಲ್ಲ ಅಭ್ಯಾಸಬಲದಿಂದ ಬಾಯಿಗೆ ಹೋದವು. ರಟ್ಟು ಸರಿಸಿ ಹಾಳೆ ತಿರುಗಿಸಿದರು.

ಹಾಳೆಯ ಮೇಲಂಚಿನಲ್ಲಿ ಒಂದು ಬೋಳುತಲೆ, ಅದರ ಕೆಳಗೆ ಎರಡು ಕಣ್ಣು. ಎಡ ಬಲದ ಅಂಚುಗಳನ್ನು ಬಿಗಿಯಾಗಿ ಹಿಡಿದ ದಪ್ಪ ದಪ್ಪ ಬೆರಳುಗಳು. ಕೆಳಗಿನ ಅಂಚಿನಲ್ಲಿ ಎರಡು ಚಪ್ಪಲಿ, ಒಂದರ ಉಂಗುಷ್ಟಕ್ಕೆ ಮೊಳೆ ಹೊಡೆದು ರಿಪೇರಿ ಮಾಡಿತ್ತು. ನಡುವೆ ನಾವೆಲ್ಲ, ಬೆಕ್ಕು, ಬಕೆಟ್ಟು ಸಮೇತ.

"ತಾತ ದೊಡ್ಡ ಕಟ್ಟು ಹೊತ್ಕೊಂಡು ಬರೋವಾಗ ಹೀಗೇ ಕಾಣೋದು," ಎಂದು ಮಗಳು ಬಿಕ್ಕುತ್ತಲೇ ಹೇಳಿದಳು. "ನಾವೆಲ್ಲ ಕಟ್ಟಿನೊಳಗೆ ಇದೀವಿ. ತಾತ ನಮ್ಮನ್ನ ಹಿಡ್ಕೊಂಡಿದಾನೆ."

ಮಾವ ಒಮ್ಮೆ ಚಿತ್ರದ ಚಪ್ಪಲಿ ನೋಡಿದರು, ಒಮ್ಮೆ ತಮ್ಮ ಕಾಲು ನೋಡಿದರು. ಮೊಳೆ ತುಂಬಿದ ಬಾಯಲ್ಲಿ ಅಳುವುದು ಸುಲಭವಲ್ಲ. ಅವರು ಅದನ್ನೂ ಮಾಡಿದರು.

ವಿಷಯ ಹರಡಿತು. ಒಬ್ಬ ತಂದೆ ಮಗನ ಆನೆಯ ಸೊಂಡಿಲು ವಾಪಸು ಕೊಡಿ ಎಂದು ಬಂದ. ಹದಿನೇಳರ ಹುಡುಗಿ ಮಾತ್ರ ಕೈ ಮುಗಿದು, "ಅಂಕಲ್, ದಯವಿಟ್ಟು ನನ್ನದು ಬಿಚ್ಚಬೇಡಿ, ಎಲ್ಲರೂ ಹೊಗಳ್ತಿದಾರೆ" ಎಂದು ಬೇಡಿಕೊಂಡಳು.

"ಮುಖ್ಯ ಅತಿಥಿಗಳು ಬಂದ್ಬಿಟ್ರು! ಈ ಗೋಡೆ ಖಾಲಿ ಇದೆಯಲ್ಲ, ರಟ್ಟಿಲ್ಲದೆ ಬೇಗ ಕಟ್ಟು ಹಾಕ್ಕೊಡಿ," ಎಂದು ಟೀಚರು ಅವಸರಪಟ್ಟರು.

ಮಾವ ಬೇಡವೆಂದು ತಲೆಯಾಡಿಸಿದರು. ಎಂಥ ಕಟ್ಟಾದರೂ ಅಂಚನ್ನು ಉಗುರಿನಷ್ಟಾದರೂ ನುಂಗುತ್ತದೆ. ಕೋಟು ಹಾಕಿಕೊಂಡರು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಗೆ ಬೆನ್ನು ಕೊಟ್ಟು, ತಾವೇ ನಿಂತುಬಿಟ್ಟರು. ಮೇಲೆ ಬೋಳುತಲೆ, ಪಕ್ಕದಲ್ಲಿ ಬೆರಳು, ಕೆಳಗೆ ಮೊಳೆ ಹೊಡೆದ ಚಪ್ಪಲಿ.

ಮುಖ್ಯ ಅತಿಥಿಗಳು ಚಿತ್ರ ನೋಡಿದರು, ಮಾವನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. "ಇದಕ್ಕೆ ಕಟ್ಟು ಹಾಕಿದೋರು ಯಾರು? ತುಂಬಾ ಚೆನ್ನಾಗಿದೆ," ಎಂದರು.

"ಹ್ಞೂಂ," ಎಂದರು ಮಾವ. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಅತ್ತೆ ಹತ್ತಿರ ಹೋಗಿ ನಾಲ್ಕೂ ಅಂಚುಗಳನ್ನು ನಿಧಾನವಾಗಿ ಪರೀಕ್ಷಿಸಿದರು. ಸೆರಗಿನಿಂದ ಮಾವನ ಕೆನ್ನೆ ಒರೆಸಿದರು.

"ಈ ಸಲ ಯಾರನ್ನೂ ನುಂಗಿಲ್ಲ," ಎಂದರು.