ಬಾರ್ಬಡೋಸಿನಲ್ಲಿ ಮಲ್ಲಮ್ಮನ ಮಣ್ಣು

ಬಾರ್ಬಡೋಸಿಗೆ ಬಂದ ಎರಡನೇ ವಾರ. ಬೆಳಿಗ್ಗೆ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದೆ. ರಸ್ತೆಯಲ್ಲಿ ಒಂದು ಮನೆ ಹೋಗುತ್ತಿತ್ತು. ಲಾರಿಯ ಮೇಲೆ ಕೂತು, ಬಾಗಿಲು ಕಿಟಕಿ ಪರದೆ ಸಮೇತ, ಹಿಂದೆ ಹಗ್ಗ ಹಿಡಿದ ಇಬ್ಬರು ಗಂಡಸರೊಂದಿಗೆ. ನನ್ನ ಹೆಂಡತಿ ಮಲ್ಲಮ್ಮ ಒಳಗಿಂದ ಬಂದು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಮನಿ ಹೊಂಟದಲ್ರೀ. ಜಗಲಿ ಮ್ಯಾಲಿನ ದೇವ್ರು ಬೀಳಂಗಿಲ್ಲೇನು?”

ಇಲ್ಲಿ ಅಂಥದಕ್ಕೆ ಚಾಟೆಲ್ ಮನೆ ಅನ್ನುತ್ತಾರೆ. ಚಾಟೆಲ್ ಅಂದರೆ ಹೊತ್ತೊಯ್ಯಬಹುದಾದ ಸ್ವತ್ತು. ಹಿಂದೆ ಕಬ್ಬಿನ ತೋಟದ ಕೂಲಿಯವರಿಗೆ ಮನೆ ಮಾತ್ರ ತಮ್ಮದು, ನೆಲ ಧಣಿಯದು. ಧಣಿ ಎಬ್ಬಿಸಿದ ದಿನ ಹಲಗೆ ಬಿಚ್ಚಿ, ಮನೆ ಹೊತ್ತು ನಡೆಯಬೇಕು. ಅದಕ್ಕೇ ಅದನ್ನು ಬರೀ ಕಲ್ಲಿನ ಗುಂಪಿಯ ಮೇಲೆ ಕೂಡಿಸಿರುತ್ತಾರೆ, ಪಾಯ ತೋಡುವುದಿಲ್ಲ. ನಮ್ಮ ಮಾನ್ವಿಯ ಮನೆಗಳ ಗೋಡೆ ಒಂದೂವರೆ ಮೊಳ ದಪ್ಪ. ಅಣ್ಣತಮ್ಮಂದಿರು ಬೇರೆಯಾದರೆ ನಡುವೆ ಇನ್ನೊಂದು ಗೋಡೆ ಏಳುತ್ತದೆಯೇ ಹೊರತು ಇದ್ದದ್ದು ಅಲ್ಲಾಡುವುದಿಲ್ಲ. ಅಂಥಲ್ಲಿಂದ ಬಂದ ನಾವು ಅವತ್ತು ಇಡೀ ದಿನ ಆ ಮನೆಯ ಮಾತೇ ಆಡಿದೆವು.

ನಾನು ಯಾರೆಂದು ಹೇಳಲಿಲ್ಲ. ಹೆಸರು ಶರಣಪ್ಪ. ಹುಟ್ಟಿದ್ದು ಮಾನ್ವಿ, ಕೈಗೆ ಗ್ರೀಸು ಹತ್ತಿದ್ದು ರಾಯಚೂರಿನ ಗಂಜ್ ಹತ್ತಿರದ ಜಿನ್ನಿಂಗ್ ಮಿಲ್ಲಿನಲ್ಲಿ. ಹತ್ತಿಯಿಂದ ಕಾಳು ಬಿಡಿಸುವ ಯಂತ್ರದ ಫಿಟ್ಟರ್ ನಾನು. ಈ ದ್ವೀಪದಲ್ಲಿ ಬೆಳೆಯುವ ಹತ್ತಿಯ ಎಳೆ ಬಹಳ ಉದ್ದ, ಬಹಳ ಸೂಕ್ಷ್ಮ. ಜೋರಾದ ಯಂತ್ರಕ್ಕೆ ಹಾಕಿದರೆ ಹರಿದುಹೋಗುತ್ತದೆ. ನಮ್ಮಲ್ಲಿ ಇರುವಂಥ ರೋಲರ್ ಜಿನ್ ಬೇಕು, ಅದರ ಬಡಿತ ಕಿವಿಯಲ್ಲೇ ಗುರುತಿಸುವವನು ಬೇಕು. ಯಂತ್ರ ಮಾರಿದವರೇ ನನ್ನನ್ನೂ ಕಳಿಸಿಕೊಟ್ಟರು. ಎರಡು ವರ್ಷಕ್ಕೆಂದು ಬಂದವನು ಹದಿನೇಳು ವರ್ಷ ಕಳೆದೆ. ಈಗ ಕೆಲಸ ಮುಗಿದಿದೆ. ಈ ವರ್ಷದೊಳಗೆ ನಾನು ‘ಕಾಯಂ ಇಲ್ಲೇ ಇರುತ್ತೇನೆ’ ಎಂದು ಅರ್ಜಿ ಕೊಡಬೇಕಿತ್ತು, ಇಲ್ಲವೇ ಗಂಟುಮೂಟೆ ಕಟ್ಟಬೇಕಿತ್ತು.

ರಾಯಚೂರಿನ ಗೆಳೆಯರು ಫೋನಿನಲ್ಲಿ ನಗುತ್ತಾರೆ. ಸಮುದ್ರದ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂಡುವುದಕ್ಕೂ ವಿಚಾರ ಮಾಡಬೇಕೇನು ಎಂದು. ನಮ್ಮ ಊರಲ್ಲಿ ಏಪ್ರಿಲ್ ತಿಂಗಳು ಮಧ್ಯಾಹ್ನ ಹನ್ನೆರಡಕ್ಕೆ ನಾಯಿ ಕೂಡ ರಸ್ತೆ ದಾಟುವುದಿಲ್ಲ. ಇಲ್ಲಿ ವರ್ಷವಿಡೀ ಗಾಳಿ. ಅವರ ಮಾತು ತಪ್ಪಲ್ಲ. ಆದರೆ ನನ್ನ ವಿಚಾರ ಗಾಳಿಯದಲ್ಲ.

ಮೊದಲ ವರ್ಷಗಳು ಕಷ್ಟದವು. ಇಲ್ಲಿ ಬಸ್ಸು ಹತ್ತಿದರೆ, ಅಂಗಡಿಗೆ ಕಾಲಿಟ್ಟರೆ, ಮೊದಲು ಎಲ್ಲರಿಗೂ ಕೇಳುವಂತೆ ‘ಗುಡ್ ಮಾರ್ನಿಂಗ್’ ಅನ್ನಬೇಕು. ಅನ್ನದಿದ್ದರೆ ಸೊಕ್ಕಿನವನು ಎಂದು ಮುಖ ತಿರುಗಿಸುತ್ತಾರೆ. ನಾನು ಅದನ್ನು ಕಲಿಯಲು ಆರು ತಿಂಗಳು ಹಿಡಿಯಿತು. ಮಲ್ಲಮ್ಮ ಕಲಿಯಲೇ ಇಲ್ಲ. ಅವಳು ದೇವದುರ್ಗ ತಾಲೂಕಿನ ಗೂಗಲ್‌ನವಳು, ಕೃಷ್ಣೆಯ ದಂಡೆಯವಳು. ಸಿಕ್ಕವರಿಗೆಲ್ಲ, ಬಿಳಿಯರಿರಲಿ ಕರಿಯರಿರಲಿ, “ಊಟ ಆತೇನ್ರೀ?” ಅಂದಳು. ನಮ್ಮ ಪಕ್ಕದ ಮನೆಯ ಈನಿಡ್ ಎಂಬ ಮುದುಕಿ, ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು, ಒಂದು ತಿಂಗಳು ಸುಮ್ಮನೆ ಕೇಳಿಸಿಕೊಂಡು ಆಮೇಲೆ ಅರ್ಥ ವಿಚಾರಿಸಿದಳು. ಅಂದಿನಿಂದ ಅವಳು “ಆತು, ಆತು” ಅನ್ನತೊಡಗಿದಳು. ಉಣ್ಣದಿದ್ದ ದಿನವೂ ಆತು ಅನ್ನುತ್ತಿದ್ದಳು, ಅದು ನಮ್ಮವರದೇ ಚಾಳಿ.

ಊಟದ್ದೇ ಇನ್ನೊಂದು ಗೋಳು. ಇಲ್ಲಿಯವರ ಹೆಮ್ಮೆಯ ಅಡುಗೆ ಕುಕು: ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ಕೋಲಿನಿಂದ ತಿರುವಿದ್ದು. ನೋಡಲು ನಮ್ಮ ಸಂಗಟಿಯೇ. ಜೊತೆಗೆ ಮೀನು ಇರುತ್ತದೆ, ಲಿಂಗ ಕಟ್ಟಿದ ನಾವು ಮೀನು ಬಿಟ್ಟು ಕುಕು ತಿನ್ನುತ್ತಿದ್ದೆವು. ಬಿಳಿಜೋಳದ ರೊಟ್ಟಿ ಮಾತ್ರ ಕನಸಿಗೆ ಬರುತ್ತಿತ್ತು. ಒಂದು ದಿನ ಈನಿಡ್ ತನ್ನ ಅಜ್ಜಿ ಹಿಂದೆ ‘ಗಿನಿ ಕಾರ್ನ್’ ಎಂಬ ಕಾಳು ಬೀಸುತ್ತಿದ್ದಳು, ಈಗ ಅದನ್ನು ದನಕ್ಕೆ ಬೆಳೆಯುತ್ತಾರೆ ಅಂದಳು. ಹೋಗಿ ನೋಡಿದರೆ ಜೋಳ. ಮಲ್ಲಮ್ಮ ತೆನೆ ಎದೆಗೆ ಒತ್ತಿಕೊಂಡು ಹೊಲದಲ್ಲೇ ಕೂತುಬಿಟ್ಟಳು. ಅವತ್ತು ಬಡಿದ ರೊಟ್ಟಿ ಕಪ್ಪಗೆ, ಒಗರು. ಆದರೂ ನಾವು ನಾಲ್ಕು ನಾಲ್ಕು ತಿಂದೆವು.

ಮೂರು ವರ್ಷದ ಹಿಂದೆ ಮಲ್ಲಮ್ಮ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದವಳು ಹಾಗೇ ಗೋಡೆಗೆ ಒರಗಿದಳು. ಎದೆ ನಿಂತಿತ್ತು. ನಾನು ಗ್ರೀಸಿನ ಕೈಯಲ್ಲೇ ಓಡಿ ಬಂದಾಗ ಈನಿಡ್ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ನಮಗೆ ಮಕ್ಕಳಿಲ್ಲ. ಆ ಮನೆಯಲ್ಲಿ ಕನ್ನಡ ಬಲ್ಲವನು ಆಗ ನಾನೊಬ್ಬನೇ ಉಳಿದೆ.

ಹೆಣವನ್ನು ಊರಿಗೆ ಒಯ್ಯಲು ಮೂರು ವಿಮಾನ, ಹತ್ತಾರು ದಿನ, ಅಷ್ಟು ದಿನ ಅವಳು ಮಂಜುಗಡ್ಡೆಯಲ್ಲಿ. ನನಗೆ ಮನಸ್ಸಾಗಲಿಲ್ಲ. ಸುಟ್ಟು ಬೂದಿ ಒಯ್ಯಿ ಎಂದು ಮಿಲ್ಲಿನವರು ಹೇಳಿದರು, ಒಳ್ಳೆಯ ಮನಸ್ಸಿನಿಂದಲೇ. ನಮ್ಮಲ್ಲಿ ಸುಡುವುದಿಲ್ಲ ಅಂದೆ. ನಮ್ಮಲ್ಲಿ ಮಣ್ಣು ಮಾಡುತ್ತಾರೆ. ಕೂಡಿಸಿ, ಎಡಗೈಯಲ್ಲಿ ಲಿಂಗ ಇಟ್ಟು. ಅಂದು ನಾನು ರೀತಿ ಉಳಿಸಿದೆ ಅಂದುಕೊಂಡಿದ್ದೆ. ಬೂದಿಯಾಗಿದ್ದರೆ ಒಂದು ಗಡಿಗೆಯಲ್ಲಿ ನನ್ನೊಂದಿಗೆ ಬರುತ್ತಿದ್ದಳು, ಈಗ ಬರಲಾರಳು ಎಂಬುದು ಆಗ ಹೊಳೆಯಲಿಲ್ಲ.

ಕುಣಿ ತೋಡುವವನ ಹೆಸರು ಕ್ಲೈವ್. ನನ್ನ ವಯಸ್ಸಿನವನೇ. ಇಲ್ಲಿ ಗೇಣು ಮಣ್ಣಿನ ಕೆಳಗೆ ಬರೀ ಹವಳದ ಕಲ್ಲು. ಅವನ ಮಾತನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೇ ಕೇಳುತ್ತದೆ.

“ಉದ್ದ ಎಷ್ಟು ಬೇಕು?”

“ಉದ್ದ ಬ್ಯಾಡ. ಆಳ ಬೇಕು. ಆಕಿ ಕೂಡ್ತಾಳ.”

ಕ್ಲೈವ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. “ಇಷ್ಟು ವರ್ಷ ಎಲ್ಲಾರ್ನೂ ಮಲಗಿಸೀನಿ. ಕೂಡ್ರಿಸಿಲ್ಲ. ಹ್ಯಾಂಗ ಅಂತ ತೋರಿಸು.”

ತೋರಿಸಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ನಾನೇ ಕೂತೆ, ಅವನು ಹಗ್ಗದಿಂದ ನನ್ನ ಅಳತೆ ತೆಗೆದುಕೊಂಡ. ಮಾನ್ವಿಯ ಅಯ್ಯನವರು ಫೋನಿನಲ್ಲಿ ಮಂತ್ರ ಹೇಳಿದರು. ಗಾಳಿಗೆ ಅರ್ಧ ಕೇಳಿಸಿತು, ಅರ್ಧ ಹಾರಿಹೋಯಿತು. ನಾನೇ ಕುಣಿಯಲ್ಲಿ ಇಳಿದು ಅವಳನ್ನು ಕೂಡಿಸಿದೆ.

ಈ ಸಲ ಚಳಿಗಾಲದಲ್ಲಿ ಮೂರು ತಿಂಗಳು ರಾಯಚೂರಿಗೆ ಹೋಗಿದ್ದೆ, ಇದ್ದು ನೋಡೋಣವೆಂದು. ಕಲ್ಮಲದ ರಸ್ತೆಯಲ್ಲಿ ನಾವು ಕಟ್ಟಿಸಿದ ಎರಡು ಕೋಣೆಯ ಮನೆಯಿದೆ. ಬಾಗಿಲ ಬಣ್ಣ ಮಲ್ಲಮ್ಮನೇ ಫೋಟೋ ನೋಡಿ ಆರಿಸಿದ್ದಳು, ಹಸಿರು. ಸುಳ್ಳೇಕೆ ಹೇಳಲಿ, ಮೂರು ತಿಂಗಳು ಬಾಯಿ ತುಂಬ ಮಾತಾಡಿದೆ. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರದವನ ಹತ್ತಿರ, ಯಾರಿಗೂ ಏನೂ ಎರಡನೇ ಸಲ ಹೇಳಬೇಕಾಗಲಿಲ್ಲ. ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಹೊಟ್ಟೆ ಕೆಡಿಸಿಕೊಂಡೆ. ಅದೂ ಸುಖವಾಗಿತ್ತು. ರಾತ್ರಿ ಒಬ್ಬನೇ ಮಲಗಿದಾಗ ಮಾತ್ರ, ಅವಳನ್ನು ಎಲ್ಲೋ ಕೂಡಿಸಿ ಬಸ್ಸು ಹತ್ತಿ ಬಂದುಬಿಟ್ಟೆ ಎಂಬ ಅಳುಕು.

ಗೂಗಲ್‌ನಲ್ಲಿ ಅವಳ ತಮ್ಮ ಅಮರೇಶ ಹೊಲದ ಬದುವಿನಲ್ಲಿ ಒಂದು ಜಾಗ ತೋರಿಸಿದ. ಅವರ ಹಿರಿಯರ ಸಮಾಧಿಗಳೆಲ್ಲ ಅಲ್ಲೇ ಸಾಲಾಗಿವೆ, ಆಚೆ ಹೊಳೆ.

“ಮಾವ, ಅಕ್ಕನ ಹೆಸರಲೆ ಇಲ್ಲಿ ಒಂದು ಕಟ್ಟಿ ಕಟ್ಟಸೋಣು. ನೀವು ಒಂದು ಹಿಡಿ ಮಣ್ಣು ತಂದ್ರ ಸಾಕು. ಬಾಜೂಕ ನಿಮಗ ಜಾಗಾ ಬಿಡ್ತೀನಿ.”

“ಮಣ್ಣು ತರಾಕ ಬರಂಗಿಲ್ಲಪ್ಪ. ವಿಮಾನದಾಗ ಬಿಡಂಗಿಲ್ಲ.”

“ಒಂದು ಹಿಡಿ, ಮಾವ. ಕಿಸೆದಾಗ ಹಾಕ್ಕೊಂಡ್ರ ಯಾರು ನೋಡ್ತಾರ?”

ಯಾರೂ ನೋಡುವುದಿಲ್ಲ. ಆದರೆ ಹತ್ತಿಯ ಹುಳು ಮಣ್ಣಿನಲ್ಲಿ ಮಲಗಿ ದೇಶ ದಾಟುತ್ತದೆಂದು ನನಗೆ ಗೊತ್ತು. ಮಿಲ್ಲಿಗೆ ಬಂದವರ ಬೂಟಿನ ತಳ ತೊಳೆಸಿ ಒಳಗೆ ಬಿಟ್ಟವನು ನಾನೇ. ಅಮರೇಶನ ಹೊಲದಲ್ಲಿ ಆಗ ಹತ್ತಿ ಒಡೆದು ನಿಂತಿತ್ತು. ಅದನ್ನೇ ಹೇಳಿದೆ. ಅವನ ಮುಖ ಸಣ್ಣದಾಯಿತು. “ಹುಳಕ್ಕ ಹೆದರಿ ಅಕ್ಕನ್ನ ಬಿಟ್ಟು ಬಂದೀರಿ” ಅಂದ. ಆ ಮಾತು ಇನ್ನೂ ನೋಯಿಸುತ್ತದೆ.

ಅವತ್ತೇ ಅವರ ಚಿಗವ್ವ, ಮಲ್ಲಮ್ಮನನ್ನು ಎತ್ತಿ ಆಡಿಸಿದ ಮುದುಕಿ, ಹತ್ತಿರ ಕರೆದು ನನ್ನ ಕೈ ಹಿಡಿದುಕೊಂಡಳು. ಕಣ್ಣು ಕಾಣುವುದಿಲ್ಲ.

“ಮಲ್ಲಿನ್ನ ಎಲ್ಲಿ ಮಣ್ಣು ಮಾಡಿದ್ಯಪ್ಪಾ?”

“ಅಲ್ಲೇ ಯವ್ವಾ, ನಮ್ಮೂರಾಗ” ಅಂದುಬಿಟ್ಟೆ.

ಪಡಸಾಲೆಯಲ್ಲಿ ಕೂತವರೆಲ್ಲ ನನ್ನ ಕಡೆ ತಿರುಗಿದರು. ಅಮರೇಶ ಎದ್ದು ಹೊರಗೆ ಹೋದ. ಹದಿನೇಳು ವರ್ಷ ಆ ದ್ವೀಪವನ್ನು ನಾನು ‘ಅಲ್ಲಿ’ ಎಂದೇ ಕರೆದಿದ್ದೆ. ಮಾನ್ವಿಯನ್ನು ಬಿಟ್ಟು ಇನ್ನಾವುದಕ್ಕೂ ನಮ್ಮೂರು ಅಂದವನಲ್ಲ. ಬಾಯಿ ಜಾರಿದ್ದು ಬೇರೆಲ್ಲೂ ಅಲ್ಲ, ಅವಳ ತವರಿನಲ್ಲಿ.

ಚಿಗವ್ವ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. “ಹಂಗಾರ ನೀ ಅಲ್ಲಿಯವ ಆದಿ ಬಿಡು” ಅಂದಳು. ಆಮೇಲೆ ನನ್ನ ಬೆರಳು ಸವರುತ್ತ ಕೇಳಿದಳು: “ಆಕಿನ್ನ ನೀ ಕೂಡ್ರಿಸಿದಿ. ನಿನ್ನ ಅಲ್ಲಿ ಯಾರು ಕೂಡ್ರಸ್ತಾರಪ್ಪಾ?”

ಗೂಗಲ್‌ನಲ್ಲಿ ಸತ್ತರೆ ಹತ್ತು ಕೈಗಳು ನನ್ನನ್ನು ಕೂಡಿಸುತ್ತವೆ, ಪಕ್ಕದಲ್ಲಿ ಅವಳಿರುವುದಿಲ್ಲ. ಅಲ್ಲಿ ಸತ್ತರೆ ಪಕ್ಕದಲ್ಲಿ ಅವಳಿರುತ್ತಾಳೆ, ಕೂಡಿಸುವವರಿಲ್ಲ. ರಾಯಚೂರಿನಿಂದ ಹೈದರಾಬಾದಿಗೆ ಹೋಗುವ ದಾರಿಯುದ್ದಕ್ಕೂ, ಆಮೇಲೆ ಮೂರು ವಿಮಾನದಲ್ಲೂ ಇದೇ ವಿಚಾರ.

ಬಂದ ಮರುದಿನ ಈನಿಡ್ ಬೇಲಿಯಾಚೆ ನಿಂತು “ಊಟ ಆತೇನ್ರೀ?” ಅಂದಳು. ಅಷ್ಟೂ ವರ್ಷ ಉತ್ತರ ಕೊಟ್ಟವಳು, ಈಗ ಮೊದಲ ಸಲ ತಾನೇ ಕೇಳುತ್ತಿದ್ದಳು. ನಾನು ಅತ್ತುಬಿಟ್ಟೆ. ಅವಳು ನನ್ನನ್ನು ಅಳಲು ಬಿಟ್ಟು, ಆಮೇಲೆ ಚಿಗವ್ವನ ಪ್ರಶ್ನೆಯನ್ನೆಲ್ಲ ಕೇಳಿಸಿಕೊಂಡು, ಕ್ಲೈವ್‌ನನ್ನು ಕರೆಸಿದಳು.

ಮೂವರೂ ಸ್ಮಶಾನಕ್ಕೆ ಹೋದೆವು. ಅದು ಸಮುದ್ರಕ್ಕೆ ಇಳಿಯುವ ದಿನ್ನೆ. ಕ್ಲೈವ್ ಹೇಳಿದ: “ಅವತ್ತು ತಗೊಂಡ ನಿನ್ನ ಅಳತಿ ನನಗ ನೆನಪದ. ನಿನ್ನನ್ನ ನಾ ಕೂಡ್ರಸ್ತೀನಿ. ನಾ ಮೊದಲು ಹೋದ್ರ ನನ್ನ ಮಗ. ಅವಗ ಈಗಲೇ ಕಲಿಸು.” ಈನಿಡ್ ವಿಭೂತಿ ಹಚ್ಚುವುದನ್ನು ಕೇಳಿ ಕಾಗದದ ಮೇಲೆ ಬರೆದುಕೊಂಡಳು. ಮೂರು ಬೆರಳು, ಹಣೆಗೆ, ಎಡದಿಂದ ಬಲಕ್ಕೆ. ನನ್ನ ಹಣೆಯ ಮೇಲೆ ಒಂದು ಸಲ ಎಳೆದೂ ನೋಡಿದಳು.

ಮಲ್ಲಮ್ಮನ ಎಡಬಲದ ಜಾಗ ತುಂಬಿಹೋಗಿದೆ. ಖಾಲಿ ಇದ್ದದ್ದು ಅವಳ ಮುಂದಿನದು, ಸಮುದ್ರದ ಕಡೆಯದು. ಕ್ಲೈವ್ ಅಲ್ಲಿ ಗೂಟ ಹೊಡೆದು ಕೇಳಿದ: “ಮುಖ ಯಾವ ಕಡಿಗೆ?”

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಮನೆತನದಲ್ಲಿ ಉತ್ತರಕ್ಕೆ ಮುಖ ಮಾಡಿ ಕೂಡಿಸುತ್ತಾರೆ. ಅವತ್ತು ನಾನು ಯಾರಿಗೂ ಹೇಳದೆ ಮಲ್ಲಮ್ಮನನ್ನು ಪೂರ್ವಕ್ಕೆ ಕೂಡಿಸಿದ್ದೆ. ಇಲ್ಲಿಂದ ಪೂರ್ವಕ್ಕೆ ಸಮುದ್ರ, ಸಮುದ್ರದಾಚೆ ಆಫ್ರಿಕಾ, ಅದರಾಚೆ ನಮ್ಮ ಹೊಳೆ. ಈಗ ನಾನು ಅವಳ ಮುಂದೆ ಕೂಡಬೇಕು. ರಾಯಚೂರಿನ ಕಡೆ ನೋಡಿದರೆ ಅವಳಿಗೆ ಬೆನ್ನು. ಅವಳ ಕಡೆ ನೋಡಿದರೆ ರಾಯಚೂರಿಗೆ ಬೆನ್ನು.

“ಆಕಿ ಕಡೆ” ಅಂದೆ.

ಮರುದಿನ ಅರ್ಜಿ ಕೊಟ್ಟು ಬಂದೆ. ಸಂಜೆ ಅಮರೇಶನಿಗೆ ಫೋನು ಮಾಡಿ ಎಲ್ಲ ಹೇಳಿದೆ, ಪೂರ್ವದ ವಿಷಯವನ್ನೂ. ಅವನಲ್ಲಿ ಆಗ ನಸುಕು. ಎಲ್ಲ ಕೇಳಿಸಿಕೊಂಡು ಅಂದ: “ಅಂದ್ರ ನಮಗ ಬೆನ್ನು ಮಾಡಿ ಕೂಡ್ತೀರಿ, ಮಾವ.”

“ಹೌದಪ್ಪ. ನಾ ಆಕಿನ್ನ ನೋಡ್ತೀನಿ. ಆಕಿ ನಿಮ್ಮನ್ನ ನೋಡ್ತಾಳ.”

ಅವನು ಫೋನು ಇಡಲಿಲ್ಲ. ಆ ಕಡೆ ಹೊಲದ ಮೋಟಾರು ಓಡುವುದು, ಯಾರೋ ಎತ್ತು ಹೊಡೆಯುವುದು ಕೇಳುತ್ತಿತ್ತು. ಅರ್ಜಿ ಕೊಟ್ಟು ಒಂದು ದಿನವೂ ಆಗಿರಲಿಲ್ಲ, ನನಗೆ ಆ ಬದುವಿನ ಮೇಲೆ ಹೋಗಿ ಕೂಡಬೇಕು ಅನ್ನಿಸಿತು.