ನೋಡೋಣ ಅಂದರೆ

ಫೋನ್ ರಿಂಗಾದರೆ ಸಾಕು, ಆಫೀಸಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನಮ್ಮ ಸಪೋರ್ಟ್ ಸಾಹೇಬರ ಎದೆ ಧಸಕ್ಕೆನ್ನುತ್ತದೆ, "ಆಫ್ ಮಾಡಿ ಆನ್ ಮಾಡಿದ್ರಾ?" ಎಂಬ ಮಾತು ಮಾತ್ರ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಸರ್ವರ್ ರೂಮಿನ ಬಾಗಿಲನ್ನು ಹುಲಿ ಮಲಗಿರುವ ಬೋನೇನೋ ಎಂಬಂತೆ ಸದ್ದಿಲ್ಲದೆ ತೆರೆಯುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವರದು ಒಂದೇ ಉಪದೇಶ: "ಗೊತ್ತಿಲ್ಲ ಅಂತ ಮಾತ್ರ ಯಾವತ್ತೂ ಬಾಯಿ ಬಿಡಬೇಡ್ರಪ್ಪಾ. ಸ್ಕ್ರೀನ್ ನೋಡ್ತಾ, ಸಮಾಧಾನವಾಗಿ, 'ನೋಡೋಣ' ಅನ್ನಿ. ಎದುರಿಗಿರೋರು ನಿಶ್ಚಿಂತೆಯಾಗಿ ಎದ್ದು ಹೋಗ್ತಾರೆ." ಆ ಒಂದು ಮಾತಿನ ಮೇಲೆಯೇ ಹದಿನೆಂಟು ವರ್ಷ ದೂಡಿದ್ದಾರೆ. ಮೊನ್ನೆ ಅವರ ಹೆಂಡತಿಗೆ ಸ್ಕ್ಯಾನಿಂಗ್ ಆಯಿತು. ಡಾಕ್ಟರು ಸ್ಕ್ರೀನಿನಿಂದ ಕಣ್ಣು ಕೀಳದೆ, ಸಮಾಧಾನವಾಗಿ, "ನೋಡೋಣ" ಎಂದರು. "ಸದ್ಯ, ಗಾಬರಿ ಪಡೋವಂಥದ್ದೇನೂ ಇಲ್ಲ ಬಿಡಿ" ಎನ್ನುತ್ತಾ ಹೆಂಡತಿ ನಿಶ್ಚಿಂತೆಯಾಗಿ ಎದ್ದರು. ಸಾಹೇಬರಿಗೆ ಕುರ್ಚಿಯಿಂದ ಏಳಲಾಗಲಿಲ್ಲ.